ಬೀಡಾಡಿ ತಾಯಿಬೆಕ್ಕು ಹಾಲು ಕುಡಿಸುತ್ತಿಲ್ಲ: ಕಣ್ಣು ಬಿಡದ ಮರಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ತೋಟದಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಬೀಡಾಡಿ ಬೆಕ್ಕೊಂದು ನಾಲ್ಕೈದು ದಿನಗಳ ಹಿಂದೆ ನಾಲ್ಕು ಮರಿ ಹಾಕಿದೆ. ಮಳೆ ಹಿಡಿದಾಗಿನಿಂದ ಅದು ನಮ್ಮ ಹಿತ್ತಿಲಲ್ಲೇ ಇದೆ. ಇಟ್ಟಿದ್ದನ್ನು ತಿಂದು ಹೋಗುತ್ತದೆಯೇ ಹೊರತು ಇದುವರೆಗೆ ಯಾರಿಗೂ ಮುಟ್ಟಲು ಕೊಟ್ಟಿಲ್ಲ. ಎರಡು ಮಾರು ದೂರದಲ್ಲಿ ನಿಂತರೂ ಕಿವಿ ಹಿಂದಕ್ಕೆ ಮಡಚಿ ಬುಸುಗುಟ್ಟುತ್ತದೆ. ಮೊದಲೆರಡು ದಿನ ಮರಿಗಳನ್ನು ಬಿಟ್ಟು ಕದಲದಿದ್ದ ತಾಯಿ ನಿನ್ನೆಯಿಂದ ಕಟ್ಟಿಗೆ ರಾಶಿಯ ಮೇಲೆ ಒಂಟಿಯಾಗಿ ಮಲಗಿರುತ್ತದೆ. ಮರಿಗಳು ಕೂಗಿದರೆ ಒಮ್ಮೊಮ್ಮೆ ಇಳಿದು ಬಂದು ಮೂಸುತ್ತದೆ, ಮಲಗುತ್ತದೆ, ಆದರೆ ಮರಿ ಮೊಲೆಗೆ ಬಾಯಿ ಹಾಕಿದ ಕೂಡಲೇ ಎದ್ದು ಹೋಗಿಬಿಡುತ್ತದೆ.

ಇಂದು ಬೆಳಿಗ್ಗೆ ಟಾರ್ಚು ಹಾಕಿ ನೋಡಿದಾಗ ನಾಲ್ಕರಲ್ಲಿ ಅತಿ ಚಿಕ್ಕ ಮರಿ ಉಳಿದವುಗಳಿಂದ ದೂರ ಸರಿದು ಗೋಣಿಚೀಲದ ಮೇಲೆ ಒಂದೇ ಬಿದ್ದಿತ್ತು ಮತ್ತು ಕೂಗುತ್ತಲೂ ಇರಲಿಲ್ಲ. ಮನೆಯಲ್ಲಿ ಹಸುವಿನ ಹಾಲು ಬೇಕಾದಷ್ಟಿದೆ. ಅದಕ್ಕೆ ನೀರು ಬೆರೆಸಿ ಹತ್ತಿಬತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡಬೇಕೆಂದು ಅತ್ತೆಯವರು ಹೇಳುತ್ತಾರೆ. ಮನುಷ್ಯರ ಕೈವಾಸನೆ ತಗುಲಿದರೆ ತಾಯಿ ಮತ್ತೆ ಹತ್ತಿರ ಸೇರಿಸುವುದೇ ಇಲ್ಲ, ಮುಟ್ಟಬೇಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇಂದು ಭಾನುವಾರವಾದ್ದರಿಂದ ಪಶು ಆಸ್ಪತ್ರೆ ಮುಚ್ಚಿದೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ನಾಳೆಯವರೆಗೆ ಈ ಮರಿಗಳಿಗಾಗಿ ನಾನು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಮರಿಸಾಕಣೆ (ಮೈಸೂರು)

ತಾಯಿಯಿಲ್ಲದ ಮರಿಗಳನ್ನು ಮನೆಯಲ್ಲಿ ಸಾಕುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಆ ಅನುಭವದಿಂದ ಮೊದಲು ಹೇಳಬೇಕಾದದ್ದು ಇಷ್ಟು: ಒಂಟಿಯಾಗಿ ಬಿದ್ದಿರುವ ಆ ಮರಿಗೆ ಈ ಕ್ಷಣ ಬೇಕಾಗಿರುವುದು ಹಾಲಲ್ಲ, ಬಿಸಿ. ಹುಟ್ಟಿದ ಮೊದಲ ಮೂರು ವಾರ ಬೆಕ್ಕಿನ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ, ತಾಯಿಯ ಹೊಟ್ಟೆ ಮತ್ತು ಒಡಹುಟ್ಟಿದ ಮರಿಗಳೇ ಅದಕ್ಕೆ ಬಿಸಿಯ ಮೂಲ. ನಿಮ್ಮ ಕಡೆಯ ಜಡಿಮಳೆಯ ಥಂಡಿಯಲ್ಲಿ ತಾಯಿ ಕೆಲವು ಗಂಟೆ ದೂರವಿದ್ದರೂ ಚಿಕ್ಕ ಮರಿ ತಣ್ಣಗಾಗಿಬಿಡುತ್ತದೆ. ಮೊದಲ ವಾರದ ಮರಿಯ ಮೈಬಿಸಿ 96ರಿಂದ 98 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರಬೇಕು, ಅದು 95ಕ್ಕಿಂತ ಕೆಳಗಿಳಿದರೆ ಕರುಳಿನ ಚಲನೆ ನಿಧಾನವಾಗುತ್ತಾ ನಿಂತೇಹೋಗುತ್ತದೆ. ಅಂಥ ಮರಿಗೆ ಹಾಲು ಹಾಕಿದರೆ ಅದು ಹೊಟ್ಟೆಯಲ್ಲಿ ಜೀರ್ಣವಾಗದೆ ಉಬ್ಬರವಾಗುತ್ತದೆ, ನುಂಗುವ ಶಕ್ತಿಯೂ ಕುಂದಿರುವುದರಿಂದ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಹಸಿದು ಸಾಯುತ್ತಿದೆ ಎಂಬ ಮರುಕದಿಂದ ಹಾಲು ಹಿಂಡಿ, ಅದರಿಂದಲೇ ಮರಿ ಹೋಗುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಥರ್ಮಾಮೀಟರು ಇಲ್ಲದಿದ್ದರೆ ಕೈ ತೊಳೆದು ಕಿರುಬೆರಳಿನ ತುದಿಯನ್ನು ಮರಿಯ ಬಾಯೊಳಗೆ ಇಟ್ಟು ನೋಡಿ. ಒಳಬಾಯಿ ನಿಮ್ಮ ಬೆರಳಿಗಿಂತ ತಣ್ಣಗಿದ್ದರೆ ಆ ಮರಿಗೆ ಹಾಲು ಬೇಡ. ಅದನ್ನು ಒಣ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿ, ಬಟ್ಟೆಯೊಳಗೆ ಮೈಗೆ ಮೈ ತಾಗುವಂತೆ ಇಟ್ಟುಕೊಂಡು ಒಂದೆರಡು ಗಂಟೆಗಳಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿ. ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರು ಹಿಡಿಯುವುದು, ಬಚ್ಚಲ ಒಲೆಯ ಬಾಯಿಗೆ ಹಿಡಿಯುವುದು ಖಂಡಿತ ಬೇಡ, ಏಕೆಂದರೆ ಥಟ್ಟನೆ ಬಿಸಿಯಾದರೆ ದುರ್ಬಲವಾದ ಜೀವ ತಡೆಯುವುದಿಲ್ಲ. ಬೆಚ್ಚಗಾಗುತ್ತಾ ಬಂದಂತೆ ಗ್ಲೂಕೋಸು ಕರಗಿಸಿದ ಉಗುರುಬೆಚ್ಚಗಿನ ನೀರನ್ನು ಬೆರಳಿನಲ್ಲಿ ಒಂದು ಹನಿ ತೆಗೆದುಕೊಂಡು ವಸಡಿಗೆ ಸವರಬಹುದು.

ಕರೆಂಟು ನಂಬುವ ಹಾಗಿಲ್ಲವಾದ್ದರಿಂದ ಬಲ್ಬು ಕಟ್ಟುವ ಯೋಚನೆ ಬಿಡಿ. ನಿಮ್ಮ ಮನೆಯ ಹಂಡೆಯಲ್ಲಿ ದಿನವಿಡೀ ಬಿಸಿನೀರು ಇರುತ್ತದೆಯಲ್ಲ, ಅದನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಮಾಡಿ, ಟವೆಲಿನಲ್ಲಿ ಎರಡು ಸುತ್ತು ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಸೆಕೆಯಾದರೆ ಮರಿ ತೆವಳಿಕೊಂಡು ಹೋಗಲು ಇನ್ನೊಂದು ಬದಿ ಖಾಲಿ ಇರಬೇಕು. ಮರಿಗಳು ಮಲಗುವ ಜಾಗ ಮೊದಲ ವಾರ 30ರಿಂದ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಸಾಕು. ನೀರು ಆರಿದ ಬಾಟಲಿಯನ್ನು ರಾತ್ರಿಯೂ ಬದಲಾಯಿಸುತ್ತಿರಬೇಕು, ಏಕೆಂದರೆ ಆರಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ.

ಕೈವಾಸನೆಯ ವಿಷಯದಲ್ಲಿ ಹೆದರಬೇಡಿ. ಮನುಷ್ಯರು ಮುಟ್ಟಿದರೆಂಬ ಒಂದೇ ಕಾರಣಕ್ಕೆ ಬೆಕ್ಕು ಮರಿಗಳನ್ನು ಬಿಡುವುದಿಲ್ಲ. ಪದೇ ಪದೇ ಇಣುಕುವುದು, ಟಾರ್ಚು ಹಾಕುವುದು, ನಾಯಿಯ ಕಾಟ, ಗಂಡು ಬೆಕ್ಕಿನ ಸುಳಿದಾಟ, ಇವುಗಳಿಂದ ಗಾಬರಿಗೊಂಡರೆ ಮಾತ್ರ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹಿರಿಯರು ಹೇಳುವುದು ಈ ಸ್ವಭಾವವನ್ನು ಕಂಡೇ.

ಉತ್ತರ: ಹಿತ್ತಲಬಾಗಿಲು (ಉಡುಪಿ)

ಮೇಲಿನವರು ಬಿಸಿಯ ಬಗ್ಗೆ ಹೇಳಿದ್ದು ಪೂರ್ತಿ ಸರಿ, ತಣ್ಣಗಾದ ಮರಿಯನ್ನು ತಕ್ಷಣ ಎತ್ತಿಕೊಳ್ಳಲೇಬೇಕು. ಆದರೆ ಉಳಿದ ಮೂರನ್ನೂ ಈಗಲೇ ತಾಯಿಯಿಂದ ಬೇರೆ ಮಾಡಬೇಡಿ ಎಂಬುದು ನನ್ನ ಕೋರಿಕೆ. ತಾಯಿ ನಿಜವಾಗಿಯೂ ಹಾಲು ಕೊಡುತ್ತಿಲ್ಲವೋ ಅಥವಾ ನೀವು ನೋಡದ ಹೊತ್ತಿನಲ್ಲಿ ಕೊಟ್ಟು ಹೋಗುತ್ತಿದೆಯೋ ಎಂಬುದು ಇನ್ನೂ ಖಚಿತವಾಗಿಲ್ಲ. ಬೀಡಾಡಿ ಬೆಕ್ಕು ಮನುಷ್ಯರ ಕಣ್ಣಿದ್ದಾಗ ಗೂಡಿಗೆ ಇಳಿಯುವುದಿಲ್ಲ, ಆಹಾರ ಹುಡುಕಿಕೊಂಡು ಹಲವು ಗಂಟೆ ದೂರ ಹೋಗುವುದೂ ಉಂಟು.

ಇದನ್ನು ತಿಳಿಯಲು ಸುಲಭದ ದಾರಿಯಿದೆ. ಗೂಡಿನ ಸುತ್ತ ನೆಲಕ್ಕೆ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿ, ಎಲ್ಲರೂ ಮನೆಯೊಳಗೆ ಹೋಗಿ ಎರಡು ಗಂಟೆ ಬಿಟ್ಟು ಬಂದು ಹೆಜ್ಜೆ ಮೂಡಿದೆಯೇ ಎಂದು ನೋಡಿ. ರಂಗೋಲಿ ಪುಡಿ ಬೇಡ, ಪಂಜಕ್ಕೆ ಹತ್ತಿದ್ದನ್ನು ಬೆಕ್ಕು ನೆಕ್ಕಿಕೊಳ್ಳುತ್ತದೆ. ಜೊತೆಗೆ ಒಂದೊಂದು ಮರಿಯ ಹೊಟ್ಟೆಯನ್ನೂ ಗಮನಿಸಿ. ಹಾಲು ಕುಡಿದ ಮರಿಯ ಹೊಟ್ಟೆ ಗುಂಡಗಿರುತ್ತದೆ, ಅದು ಸುಮ್ಮನೆ ನಿದ್ರಿಸುತ್ತದೆ, ನಿದ್ರೆಯಲ್ಲಿ ಮೈ ಆಗಾಗ ಅದುರುತ್ತದೆ. ಕುಡಿಯದ ಮರಿಯ ಹೊಟ್ಟೆ ಒಳಕ್ಕೆ ಅಂಟಿರುತ್ತದೆ, ಕುತ್ತಿಗೆಯ ಹಿಂಭಾಗದ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಕೂಡಲೇ ಸಮವಾಗುವುದಿಲ್ಲ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ತೂಕವನ್ನೂ ಬರೆದಿಡಿ. ಹುಟ್ಟುವಾಗ 85ರಿಂದ 110 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತಾ ಎರಡು ವಾರದೊಳಗೆ ಎರಡರಷ್ಟಾಗಬೇಕು. ತೂಕ ನಿಂತಿತೆಂದರೆ, ಮರಿ ನೋಡಲು ಚುರುಕಾಗಿದ್ದರೂ, ಹಾಲು ಸಾಲುತ್ತಿಲ್ಲವೆಂದೇ ಅರ್ಥ.

ತಾಯಿಗೆ ಏನು ಹಾಕುತ್ತಿದ್ದೀರಿ ಎಂಬುದನ್ನೂ ತಿಳಿಸಿ. ಹಾಲೂಡುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಾಲು ಆಹಾರ ಬೇಕು, ಬರೀ ಹಾಲನ್ನದಿಂದ ಅದಕ್ಕೆ ಹಾಲಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ತೋಟದಮನೆ (ಸಾಗರ)

ಇಬ್ಬರಿಗೂ ಕೃತಜ್ಞತೆಗಳು. ಚಿಕ್ಕ ಮರಿ ಈಗ ನನ್ನ ಮೈಬಿಸಿಗೆ ಚೇತರಿಸಿಕೊಂಡು ಸಣ್ಣ ದನಿಯಲ್ಲಿ ಕೂಗುತ್ತಿದೆ, ಅದರ ತೂಕ 95 ಗ್ರಾಂ ಇದೆ. ಅಕ್ಕಿಹಿಟ್ಟಿನ ಮೇಲೆ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿವೆ, ಆದ್ದರಿಂದ ತಾಯಿ ಬಂದಿದ್ದು ನಿಜ. ಎರಡು ಮರಿಗಳ ಹೊಟ್ಟೆ ತುಂಬಿದೆ, ತೂಕ 140 ಗ್ರಾಂ ದಾಟಿದೆ. ಮೂರನೆಯದರ ಹೊಟ್ಟೆ ಮಾತ್ರ ಚಪ್ಪಟೆಯಾಗಿದ್ದು, 110 ಗ್ರಾಂ ತೂಗುತ್ತದೆ.

ಕಿಟಕಿಯಿಂದ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ತಾಯಿ ಮಗ್ಗುಲು ಬದಲಿಸಿದಾಗ ಎಡಬದಿಯ ಹಿಂದಿನ ಎರಡು ಮೊಲೆಗಳು ಕೆಂಪಾಗಿ ಊದಿಕೊಂಡಿದ್ದವು, ಅಲ್ಲಿಯೇ ಅದು ಪದೇ ಪದೇ ನೆಕ್ಕಿಕೊಳ್ಳುತ್ತಿತ್ತು. ನಮ್ಮದು ಮೀನು ಮಾಂಸ ತರದ ಮನೆ, ಇದುವರೆಗೆ ಹಾಲನ್ನ ಮತ್ತು ಮೊಸರನ್ನವನ್ನೇ ಹಾಕಿದ್ದೇವೆ. ನೋವಿಗೆ ನಾವು ನುಂಗುವ ಮಾತ್ರೆಯಲ್ಲಿ ಕಾಲು ಭಾಗವನ್ನು ಅನ್ನದಲ್ಲಿ ಬೆರೆಸಿ ಕೊಡಬಹುದೇ?

ಉತ್ತರ: ಪಶುವೈದ್ಯೆ (ಶಿವಮೊಗ್ಗ)

ದಯವಿಟ್ಟು ಮಾತ್ರೆ ಕೊಡಬೇಡಿ. ಜ್ವರಕ್ಕೂ ನೋವಿಗೂ ಮನೆಯಲ್ಲಿ ಇಟ್ಟುಕೊಳ್ಳುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ (ಲಿವರ್) ಬಹಳ ದುರ್ಬಲವಾಗಿರುವುದರಿಂದ ಒಂದೇ ಮಾತ್ರೆಯಿಂದಲೂ ರಕ್ತ ಕೆಟ್ಟು ಪ್ರಾಣ ಹೋಗಬಹುದು. ಮನುಷ್ಯರ ಬೇರೆ ನೋವಿನ ಗುಳಿಗೆಗಳೂ ಬೇಡ.

ನೀವು ಮೊದಲ ಬರಹದಲ್ಲೇ ಬಹಳ ಮುಖ್ಯವಾದ ಲಕ್ಷಣವೊಂದನ್ನು ಬರೆದಿದ್ದೀರಿ. ಈ ತಾಯಿ ಮರಿಗಳನ್ನು ತ್ಯಜಿಸಿಲ್ಲ. ಬಳಿಗೆ ಬರುತ್ತದೆ, ಮಲಗುತ್ತದೆ, ಬಾಯಿ ಹಾಕಿದಾಗ ಮಾತ್ರ ಏಳುತ್ತದೆ. ಊದಿದ ಕೆಂಪು ಮೊಲೆಯೊಂದಿಗೆ ಇದನ್ನು ಸೇರಿಸಿ ನೋಡಿದರೆ ಕೆಚ್ಚಲುಬಾವಿನ ಸಂದೇಹ ಬಲವಾಗಿದೆ, ಹಸು ಸಾಕಿದ ಮನೆಯವರಾದ ನಿಮಗೆ ಆ ನೋವು ಎಂಥದ್ದೆಂದು ಹೇಳಬೇಕಾಗಿಲ್ಲ. ಬೆಕ್ಕಿಗೆ ಸಾಮಾನ್ಯವಾಗಿ ನಾಲ್ಕು ಜೊತೆ ಮೊಲೆಗಳಿದ್ದು, ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ಮೊಲೆಯನ್ನು ಗೊತ್ತುಮಾಡಿಕೊಂಡು ಅದಕ್ಕೇ ಹೋಗುವುದು ಹೆಚ್ಚು. ಬಾವು ಬಂದ ಮೊಲೆಗಳನ್ನು ನೆಚ್ಚಿಕೊಂಡಿದ್ದ ಮರಿಗಳೇ ಈಗ ಸೊರಗಿರಬಹುದು. ಅಪಾಯದ ಬೇರೆ ಸಾಧ್ಯತೆಗಳನ್ನೂ ಗಮನದಲ್ಲಿಡಿ. ಹಿಂಭಾಗದಿಂದ ದುರ್ವಾಸನೆಯ ಸ್ರಾವವಿದ್ದರೆ ಮಾಸು ಒಳಗೆ ಉಳಿದು ಗರ್ಭಕೋಶಕ್ಕೆ ಸೋಂಕಾಗಿರಬಹುದು. ತಾಯಿ ನಡುಗುತ್ತಾ, ಕಾಲುಗಳು ಸೆಟೆದುಕೊಂಡು ತೂರಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು, ಆಗ ಬೆಳಗಾಗಲೆಂದು ಕಾಯುವಂತಿಲ್ಲ.

ಆದ್ದರಿಂದ ಮರಿಗಳನ್ನು ಉಳಿಸುವ ದಾರಿ ತಾಯಿಯ ಚಿಕಿತ್ಸೆಯ ಮೂಲಕವೇ ಹೋಗುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ. ಬಾಗಿಲು ತಾನೇ ಬೀಳುವ ಬೋನು ಸಿಕ್ಕಿದರೆ ಒಳಗೆ ಬೇಯಿಸಿದ ಮೊಟ್ಟೆಯನ್ನೋ, ಮಾಂಸ ಮೀನಿನಿಂದ ತಯಾರಿಸಿದ ಬೆಕ್ಕಿನ ಆಹಾರದ ಪೊಟ್ಟಣವನ್ನೋ ಇಟ್ಟು, ಬೋನಿನ ಮೇಲೆ ಗೋಣಿಚೀಲ ಹೊದಿಸಿ. ಬೆಕ್ಕು ಒಳಗಾದ ಮೇಲೂ ಆ ಹೊದಿಕೆ ತೆಗೆಯಬೇಡಿ, ಕತ್ತಲಲ್ಲಿ ಅದು ಬೇಗ ಶಾಂತವಾಗುತ್ತದೆ. ನಾಳೆ ಬೆಳಿಗ್ಗೆ ತಾಯಿ ಮರಿಗಳೆಲ್ಲವನ್ನೂ ಒಟ್ಟಿಗೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಅರಿವಳಿಕೆ ಕೊಟ್ಟು ಪರೀಕ್ಷಿಸುವ ಅನುಕೂಲವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸುಮಾರು 70 ಕಿಲೋಮೀಟರು ದೂರದಲ್ಲಿದೆ. ಮರಿಗಳು ಹಾಲು ಕುಡಿಯುತ್ತಿವೆಯೆಂದು ವೈದ್ಯರಿಗೆ ಮೊದಲೇ ಹೇಳಿ. ಅದಕ್ಕೆ ತಕ್ಕ ಆ್ಯಂಟಿಬಯೋಟಿಕ್ಕನ್ನೂ ನೋವು ಶಮನದ ಔಷಧವನ್ನೂ ಅವರೇ ಆರಿಸುತ್ತಾರೆ. ಕೀವು ತುಂಬಿದ ಮೊಲೆಯನ್ನು ಬಿಟ್ಟು ಉಳಿದವುಗಳಿಂದ ಮರಿಗಳಿಗೆ ಕುಡಿಸಬಹುದೇ ಎಂಬುದೂ ಅವರ ಪರೀಕ್ಷೆಯಿಂದಲೇ ತಿಳಿಯಬೇಕು.

ಒಂದು ಸಮಾಧಾನದ ಸಂಗತಿಯಿದೆ. ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಗಿಣ್ಣುಹಾಲಿನಿಂದ ಹೀರಿಕೊಳ್ಳುವುದು ಹುಟ್ಟಿದ ಮೊದಲ 16ರಿಂದ 18 ಗಂಟೆಗಳಲ್ಲಿ ಮಾತ್ರ. ನಿಮ್ಮ ಮರಿಗಳಿಗೆ ಆ ಹೊತ್ತಿನಲ್ಲಿ ತಾಯಿಯ ಹಾಲು ಸಿಕ್ಕಿದೆ.

ಉತ್ತರ: ಮರಿಸಾಕಣೆ (ಮೈಸೂರು)

ಹಾಗಾದರೆ ಈ ರಾತ್ರಿ ಆ ಎರಡು ಮರಿಗಳಿಗೆ ಮಾತ್ರ ಮೇಲುಹಾಲು ಬೇಕು. ಹಸುವಿನ ಹಾಲಿನಲ್ಲಿ ಬೆಕ್ಕಿನ ಮರಿಗೆ ಬೇಕಾದಷ್ಟು ಪ್ರೋಟೀನು, ಕೊಬ್ಬು ಎರಡೂ ಇಲ್ಲ, ಲ್ಯಾಕ್ಟೋಸ್ ಜಾಸ್ತಿಯಾಗಿ ಭೇದಿಯಾಗುತ್ತದೆ. ಇಷ್ಟು ಚಿಕ್ಕ ಜೀವಕ್ಕೆ ಭೇದಿ ಹಸಿವಿಗಿಂತ ಬೇಗ ಪ್ರಾಣಾಂತಿಕವಾಗುತ್ತದೆ. ನೀರು ಬೆರೆಸಿದರೆ ಇರುವ ಸತ್ವವೂ ತೆಳುವಾಗುತ್ತದೆ. ಕೆಎಂಆರ್ ಅಥವಾ ರಾಯಲ್ ಕ್ಯಾನಿನ್ ಬೇಬಿಕ್ಯಾಟ್ ಮಿಲ್ಕ್‌ನಂಥ ಮರಿಗಳ ಹಾಲಿನ ಪುಡಿಯನ್ನು ಶಿವಮೊಗ್ಗದ ಕಡೆಯಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳಿ. ಅದು ಕೈಸೇರುವವರೆಗೆ, ಒಂದು ದಿನದ ಮಟ್ಟಿಗೆ, ನೀರು ಬೆರೆಸದೆ ಕಾಯಿಸಿ ಆರಿಸಿದ ಆಡಿನ ಹಾಲು ಕೊಡಬಹುದು. ಅದೂ ಪೂರ್ಣ ಆಹಾರವಲ್ಲವಾದ್ದರಿಂದ ಮುಂದುವರಿಸಬಾರದು.

ಹತ್ತಿಬತ್ತಿಯಿಂದ ಹಿಂಡುವಾಗ ಎಷ್ಟು ಹೋಯಿತೆಂಬುದು ತಿಳಿಯುವುದಿಲ್ಲ, ಹತ್ತಿಯ ಎಳೆಯೂ ಗಂಟಲಿಗೆ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಸೂಜಿಯಿಲ್ಲದ 1 ಮಿಲಿಲೀಟರಿನ ಸಿರಿಂಜು ಸಿಗುತ್ತದೆ. ಮರಿಯನ್ನು ಎಂದೂ ಮಗುವಿನಂತೆ ಅಂಗಾತ ಹಿಡಿಯಬೇಡಿ. ಮೇಜಿನ ಮೇಲೆ ಟವೆಲು ಹಾಸಿ, ತಾಯಿಯ ಬಳಿ ಕುಡಿಯುವಾಗ ಇರುವಂತೆಯೇ ಹೊಟ್ಟೆ ಕೆಳಗಾಗಿ ಮಲಗಿಸಿ, ಗಲ್ಲವನ್ನು ಬೆರಳಿನಿಂದ ತುಸು ಎತ್ತಿ, ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ನಾಲಿಗೆಯ ಮೇಲಿಟ್ಟು ಒಂದೊಂದೇ ಹನಿ ಬಿಡಿ. ಮರಿ ಚೀಪಿ ನುಂಗಿದ್ದನ್ನು ಕಂಡ ಮೇಲೆ ಮುಂದಿನ ಹನಿ. ಚೆನ್ನಾಗಿ ಕುಡಿಯುವ ಮರಿಯ ಕಿವಿಗಳು ಪ್ರತಿ ಗುಟುಕಿಗೂ ಹಿಂದಕ್ಕೆ ಮುಂದಕ್ಕೆ ಅಲುಗುತ್ತವೆ, ಮುಂಗಾಲುಗಳು ಟವೆಲನ್ನು ಒತ್ತುತ್ತಿರುತ್ತವೆ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆಯನ್ನು ತುಸು ಕೆಳಗೆ ಮಾಡಿ ಮೂಗು ಒರೆಸಿ. ಹಾಲು ನಿಮ್ಮ ಮಣಿಕಟ್ಟಿಗೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನುವ ಹದದಲ್ಲಿರಬೇಕು. 100 ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ 4 ಮಿಲಿಲೀಟರಿಗಿಂತ ಹೆಚ್ಚು ಬೇಡ, ಮೊದಲ ಸಲ ಅದರ ಅರ್ಧ ಸಾಕು. ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು.

ಕುಡಿಸಿದಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು ಹೊಸಬರು ಬಹುತೇಕ ಬಿಟ್ಟುಬಿಡುತ್ತಾರೆ. ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ, ಹೇಲು ಮಾಡಲಾರದು, ತಾಯಿ ನೆಕ್ಕಿ ಮಾಡಿಸುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಬುಡದ ಕೆಳಗಿನ ಮಲಮೂತ್ರದ್ವಾರದ ಜಾಗವನ್ನು ಮೆಲ್ಲಗೆ, ಉಜ್ಜದೆ, ತಟ್ಟುತ್ತಾ ಹೋದರೆ ಅರ್ಧ ನಿಮಿಷದಲ್ಲಿ ಉಚ್ಚೆ ಹೊಯ್ಯುತ್ತದೆ. ಉಚ್ಚೆ ಗಾಢ ಹಳದಿಯಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಮರಿಗಳ ಮೈಯಲ್ಲಿ ಚಿಗಟವಿದ್ದರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸೋಪುನೀರಿಗೆ ಹಾಕಿ. ಸೀಮೆಎಣ್ಣೆ, ಡೆಟಾಲ್, ನಾಯಿಗೆ ಹಚ್ಚುವ ಚಿಗಟದ ಔಷಧಿ, ನುಸಿಗುಳಿಗೆ ಇವು ಯಾವುವೂ ಮರಿಗಳ ಹತ್ತಿರಕ್ಕೂ ಸುಳಿಯಬಾರದು.

ಉತ್ತರ: ಹಿತ್ತಲಬಾಗಿಲು (ಉಡುಪಿ)

ತಾಯಿಯನ್ನು ಬೋನಿಗೆ ಹಾಕುವಾಗ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಸಣ್ಣ ಗಾಯವೆಂದು ಅರಿಶಿನ ಹಚ್ಚಿ ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. 0, 3, 7 ಮತ್ತು 28ನೆಯ ದಿನದ ಲಸಿಕೆಗಳಲ್ಲಿ ಒಂದನ್ನೂ ತಪ್ಪಿಸಬಾರದು. ಹಲ್ಲು ಚರ್ಮದೊಳಕ್ಕೆ ಇಳಿದಿದ್ದರೆ ಅಥವಾ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಬಗ್ಗೆಯೂ ಕೇಳಿ.

ಪ್ರಶ್ನೆ ಕೇಳಿದವರಿಂದ: ತೋಟದಮನೆ (ಸಾಗರ)

ಎಲ್ಲರಿಗೂ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಊರಿನವರೊಬ್ಬರ ಬಳಿ ಇದ್ದ ಬೋನಿನಲ್ಲಿ ಮೊಟ್ಟೆ ಇಟ್ಟಾಗ ತಾಯಿ ನಸುಕಿಗೆ ಮುಂಚೆಯೇ ಸಿಕ್ಕಿತು. ವೈದ್ಯರು ಕೆಚ್ಚಲುಬಾವೆಂದೇ ಹೇಳಿ, ಒಂದು ಮೊಲೆಯ ಕೀವು ತೆಗೆದು, ಅದಕ್ಕೆ ಮರಿ ಬಾಯಿ ಹಾಕದಂತೆ ಬಟ್ಟೆ ಕಟ್ಟಿ ಇಂಜೆಕ್ಷನ್ನು ಕೊಟ್ಟರು. ಆಹಾರದಲ್ಲಿ ಬೆರೆಸಲು ಔಷಧವನ್ನೂ ಬರೆದುಕೊಟ್ಟಿದ್ದಾರೆ. ಅಡಿಕೆ ಚೀಲ ಇಡುವ ಕೋಣೆಯಲ್ಲಿ ನಾಯಿಗೂಡು ಇಟ್ಟು, ಒಳಗೆ ಅಡಗಿಕೊಳ್ಳಲು ಪೆಟ್ಟಿಗೆ, ಮರಳಿನ ತಟ್ಟೆ, ನೀರು ಇಟ್ಟು, ಮೇಲೆ ಕಂಬಳಿ ಹೊದಿಸಿದ್ದೇವೆ. ಅತಿ ಚಿಕ್ಕ ಮರಿ ಉಳಿಯಲಿಲ್ಲ. ಉಳಿದ ಮೂರನ್ನು ತಾಯಿ ನೆಕ್ಕಿ ಸೇರಿಸಿಕೊಂಡಿದೆ, ಸೊರಗಿದ್ದ ಮರಿಯೂ ಈಗ ತಾಯಿಯಲ್ಲೇ ಕುಡಿಯುತ್ತಿದೆ, ಮೇಲುಹಾಲು ಹಗಲಿಗೆ ಒಂದೆರಡು ಸಲ ಮಾತ್ರ. ಅತ್ತೆಯವರೇ ಬಾಟಲಿಗೆ ಹಂಡೆ ನೀರು ತುಂಬಿಸಿ ಕೊಡುತ್ತಿದ್ದಾರೆ. ಈ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಯಾವಾಗ ಮಾಡಿಸಬಹುದು?

ಉತ್ತರ: ಪಶುವೈದ್ಯೆ (ಶಿವಮೊಗ್ಗ)

ಚಿಕ್ಕ ಮರಿ ಹೋದದ್ದಕ್ಕೆ ನೀವು ಕಾರಣರಲ್ಲ. ಐದನೆಯ ದಿನಕ್ಕೂ ಹುಟ್ಟುತೂಕದಲ್ಲೇ ನಿಂತ ಮರಿ ಎಲ್ಲ ಆರೈಕೆಯ ನಡುವೆಯೂ ಉಳಿಯದಿರುವುದುಂಟು.

ಬೆಕ್ಕು ಹಾಲೂಡುತ್ತಿರುವಾಗಲೇ ಮತ್ತೆ ಬೆದೆಗೆ ಬಂದು ಗಬ್ಬ ಧರಿಸಬಲ್ಲದು, ಗರ್ಭದ ಅವಧಿ ಸುಮಾರು 63ರಿಂದ 65 ದಿನ ಮಾತ್ರ. ಆದ್ದರಿಂದ ಮರಿಗಳು ಹಾಲು ಬಿಡುವವರೆಗೆ ತಾಯಿಯನ್ನು ಹೊರಗೆ ಬಿಡದೆ ಅದೇ ಕೋಣೆಯಲ್ಲಿಡಿ. ಮರಿಗಳು ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರ ನೆಕ್ಕಲು ಕಲಿತು, ಎಂಟನೆಯ ವಾರದ ಹೊತ್ತಿಗೆ ಪೂರ್ತಿ ತಾವೇ ತಿನ್ನುತ್ತವೆ. ಕೆಚ್ಚಲ ಊತ ಇಳಿದು ಹಾಲು ಬತ್ತಿದ ಮೇಲೆ ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಅದೇ ಸಮಯದಲ್ಲಿ ರೇಬೀಸ್ ಲಸಿಕೆಯನ್ನೂ ಹಾಕಿಸಿ. ಮರಿಗಳನ್ನು ಎರಡನೆಯ ವಾರದಿಂದ ಏಳನೆಯ ವಾರದವರೆಗೆ ದಿನವೂ ಕೈಯಲ್ಲಿ ಎತ್ತಿ ಆಡಿಸಿದರೆ ಮನುಷ್ಯರಿಗೆ ಹೊಂದಿಕೊಳ್ಳುತ್ತವೆ, ಆಮೇಲೆ ಸಾಕುವ ಮನೆ ಹುಡುಕುವುದು ಸುಲಭ. ತಾಯಿಯನ್ನು ಮಾತ್ರ ಪಳಗಿಸಲು ಹಟ ಮಾಡಬೇಡಿ. ಗಾಯ ಮಾಗಿದ ನಂತರ ನಿಮ್ಮ ಹಿತ್ತಿಲಿಗೇ ಬಿಡಿ. ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಆ ಗುರುತಿದ್ದರೆ ಮುಂದೆ ಯಾರಾದರೂ ಅದನ್ನು ಹಿಡಿದು ಇನ್ನೊಮ್ಮೆ ಹೊಟ್ಟೆ ಕೊಯ್ಯಿಸುವ ಸಂದರ್ಭ ಬರುವುದಿಲ್ಲ.